ಕೊಪ್ಪಳದ ತಿರುವಿನಲ್ಲಿ ಗೂಡ್ಸ್ ಗಾಡಿ: 18-55 ಸಾಕಾ, 70-300 ಬೇಕಾ?

ಕೊಪ್ಪಳದ ತಿರುವಿನಲ್ಲಿ 18-55 ಎಂಎಂ ಲೆನ್ಸಿನಿಂದ ತೆಗೆದ ಗೂಡ್ಸ್ ಗಾಡಿಯ ಫೋಟೋ ಹಾಕಿ, ದೂರದ್ದನ್ನು ಹತ್ತಿರ ತರುವ 70-300 ಎಂಎಂ ಜೂಮ್ ತಗೋಬೇಕಾ ಅಂತ ಕೇಳಿದ್ದೀರಿ. ಅದರಲ್ಲಿ ಇಂಜಿನ್ ಮೂತಿ ಉಬ್ಬಿ, ಹಿಂದಿನ ವ್ಯಾಗನ್‌ಗಳು ದಾರದಂತೆ ಸಣ್ಣಗಾಗಿರೋದು ಲೆನ್ಸ್ ದೋಷವಲ್ಲ, 18 ಎಂಎಂನಲ್ಲಿ (ಆ ಲೆನ್ಸಿನ ಅತಿ ಅಗಲ ನೋಟ) ತೀರಾ ಹತ್ತಿರ ನಿಂತದ್ದರಿಂದ. ಎಷ್ಟು ದೂರದಲ್ಲಿದ್ದಿರಿ ಅಂತ ಬರೆದಿಲ್ಲ, ಆದರೆ ಫೋಟೋ ನೋಡಿದರೆ ಹಾಗೇ ಅನಿಸುತ್ತದೆ.

ಮೊದಲು ರೈಲ್ವೆ ಜಾಗದಿಂದ ಹೊರಗೆ, 40-50 ಮೀಟರ್ ಹಿಂದೆ ಸರಿದು ಅದೇ ಲೆನ್ಸನ್ನು 50ಕ್ಕೆ ಇಟ್ಟು ನೋಡಿ. ಇಂಜಿನ್ ಆಕಾರ ಸರಿಹೋಗುತ್ತದೆ. ಇಡೀ ತಿರುವು ಒತ್ತಾಗಿ ತುಂಬಬೇಕಂದ್ರೆ ಮಾತ್ರ 70-300 ತಗೊಳ್ಳಿ. ಇನ್ನೂ ದೂರ ಹೋಗಿ 150-200ರಲ್ಲಿ ತೆಗೀರಿ. ಶಟರ್ 1/1000 ಸೆಕೆಂಡ್, ಅಪರ್ಚರ್ (ಲೆನ್ಸ್ ಕಿಂಡಿಯ ಅಳತೆ) ಎಫ್/8, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಅಂದ್ರೆ ಐಎಸ್‌ಒ 400ರಿಂದ ಶುರು ಮಾಡಿ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಜೂಮ್ ಬೇಡವೇ ಬೇಡ: ಹಳಿ ಮೇಲಿನ ಬಿಸಿಗಾಳಿಗೆ ಇಂಜಿನ್ ನಂಬರ್ ಕೂಡ ಅಲೆಅಲೆಯಾಗುತ್ತದೆ, ಯಾವ ಲೆನ್ಸೂ ಅದನ್ನು ತಡೆಯಲ್ಲ.

ಅಲ್ಲಿ ಹಳಿ ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ. ಚಳಿಗಾಲದಲ್ಲಿ ದಕ್ಷಿಣದ ಬದಿಗೆ ನಿಲ್ಲಿ. ಬೆಳಿಗ್ಗೆ ಹೊಸಪೇಟೆ ಕಡೆ ಹೋಗುವ ಗಾಡಿಯ, ಸಂಜೆ ಗದಗ ಕಡೆಯದರ ಮುಖಕ್ಕೆ ಬೆಳಕು ಬೀಳುತ್ತದೆ.

ವಿದ್ಯುತ್ ಕಂಬಗಳ ನಡುವಿನ ಖಾಲಿ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು, ಮೂತಿ ಕಂಬ ದಾಟುತ್ತಿದ್ದಂತೆ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಫೋಟೋ ತೆಗೆಯುವ ಮೋಡ್) ಒತ್ತಿ. ಇಂಜಿನ್ ಮೇಲೆ ವಿದ್ಯುತ್ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಫೋಟೋದಲ್ಲಿ ತುಂಡಾಗದಂತೆ ಮೇಲೆ ಸ್ವಲ್ಪ ಜಾಗ ಬಿಡಿ.