ಗ್ರಾಫಿಕ್ಸ್ ಕಾರ್ಡ್ ವಿಪರೀತ ಬಿಸಿ: ಫ್ಯಾನ್ ಬದಲಿಸಲೇ?

ಪ್ರಶ್ನೆ: ವಿಡಿಯೊ ಎಡಿಟಿಂಗ್‌ಗೂ ಗೇಮ್‌ಗೂ ಒಂದೇ ಕಂಪ್ಯೂಟರ್ ಬಳಸುತ್ತೇನೆ. ಗ್ರಾಫಿಕ್ಸ್ ಕಾರ್ಡ್‌ಗೆ ಮೂರು ವರ್ಷವಾಗಿದೆ. ಈಚೆಗೆ ಫ್ಯಾನುಗಳ ಸದ್ದು ಜೋರಾಗಿದೆ. ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಜಿಪಿಯು (ಕಾರ್ಡಿನ ಮುಖ್ಯ ಚಿಪ್) 78 ಡಿಗ್ರಿ ಸೆಲ್ಸಿಯಸ್, ಹಾಟ್‌ಸ್ಪಾಟ್ 106 ಎಂದು ತೋರಿಸುತ್ತದೆ. ಯಾವುದು ನಿಜ? ಇನ್ನೂ ದೊಡ್ಡ ಫ್ಯಾನ್ ಹಾಕಿಸಲೇ?

ಉತ್ತರ: ಎರಡೂ ನಿಜ. ಚಿಪ್ಪಿನೊಳಗೆ ಹಲವು ಸೆನ್ಸರ್‌ಗಳಿರುತ್ತವೆ; ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾದ ಜಾಗದ ಉಷ್ಣತೆಯೇ ಹಾಟ್‌ಸ್ಪಾಟ್. ಇವೆರಡರ ನಡುವೆ ಸಾಮಾನ್ಯವಾಗಿ 10ರಿಂದ 20 ಡಿಗ್ರಿ ಅಂತರವಿರುತ್ತದೆ. ನಿಮ್ಮದರಲ್ಲಿ 28 ಇದೆ. ಹಾಗಾಗಿ ನಾನಾದರೆ ಫ್ಯಾನಿನ ತಂಟೆಗೆ ಹೋಗದೆ ಮೊದಲು ಥರ್ಮಲ್ ಪೇಸ್ಟ್ (ಚಿಪ್ಪಿನಿಂದ ಅದರ ಮೇಲಿನ ತಾಮ್ರದ ತಳಕ್ಕೆ ಶಾಖ ದಾಟಿಸುವ ಲೇಪ) ಮೇಲೆ ಅನುಮಾನಪಡುತ್ತೇನೆ.

ಫ್ಯಾನ್ ಹೊರಹಾಕುವುದು ತೆಳು ತಗಡುಗಳಂಥ ಅಲ್ಯೂಮಿನಿಯಂ ಫಿನ್‌ಗಳವರೆಗೆ ಬಂದು ತಲುಪಿದ ಶಾಖವನ್ನು ಮಾತ್ರ. ಅಲ್ಲಿಗೆ ತಲುಪಲು ಶಾಖವು ಚಿಪ್ಪಿನಿಂದ ಪೇಸ್ಟ್, ತಾಮ್ರದ ತಳ, ಹೀಟ್‌ಪೈಪ್ ದಾಟಿ ಬರಬೇಕು. ಹೀಟ್‌ಪೈಪ್ ಗಟ್ಟಿ ತಾಮ್ರದ ಸರಳಲ್ಲ. ಒಳಗೆ ಕಡಿಮೆ ಒತ್ತಡದಲ್ಲಿ ತುಸು ನೀರಿರುತ್ತದೆ. ಚಿಪ್ಪಿನ ಕಡೆ ಆವಿಯಾಗಿ, ಫಿನ್ ಕಡೆ ತಣಿದು, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದಲ್ಲಿ ಹೀರಲ್ಪಟ್ಟು ವಾಪಸು ಬರುತ್ತದೆ. ಇದು ಕೆಡುವುದು ಅಪರೂಪ. ಕೆಡುವುದು ಪೇಸ್ಟ್. ಜಿಪಿಯು ಮೇಲೆ ಸಾಮಾನ್ಯವಾಗಿ ಲೋಹದ ಮುಚ್ಚಳ ಇರುವುದಿಲ್ಲ, ಕೂಲರ್ (ತಾಮ್ರದ ತಳ, ಹೀಟ್‌ಪೈಪ್, ಫಿನ್ ಸೇರಿದ ಭಾಗ) ನೇರ ಸಿಲಿಕಾನ್ ಮೇಲೇ ಕೂರುತ್ತದೆ. ಕಾದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಈ ಎಳೆದಾಟದಲ್ಲಿ ಪೇಸ್ಟ್ ನಿಧಾನವಾಗಿ ಅಂಚಿಗೆ ಸರಿಯುತ್ತದೆ. ಅದು ತೆಳುವಾದ ಜಾಗದಲ್ಲಿ ಹಾಟ್‌ಸ್ಪಾಟ್ ಏರುತ್ತದೆ.

ಹಾಗೆಂದು ಇವತ್ತೇ ಸ್ಕ್ರೂ ಬಿಚ್ಚಬೇಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಕೆಲಸವನ್ನು ಕಾಲು ಗಂಟೆ ನಡೆಸಿ ನೋಡಿ. ಎರಡು ಅಂಕಿಗಳೂ ಒಟ್ಟಿಗೆ ಚೆನ್ನಾಗಿ ಇಳಿದರೆ ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಎರಡು-ಮೂರು ಫ್ಯಾನಿನ ಕಾರ್ಡ್‌ಗಳು ಬಿಸಿಗಾಳಿಯನ್ನು ಬಹುಪಾಲು ಕ್ಯಾಬಿನೆಟ್ ಒಳಗೇ ಬಿಡುತ್ತವೆ. ಮುಂಭಾಗ ಪೂರ್ತಿ ಗಾಜಿನದಾದರೆ ಕೇಳುವುದೇ ಬೇಡ. ನೋಡಲು ಚೆಂದ, ಅಷ್ಟೆ. ಉಷ್ಣತೆ ಇಳಿದ ಮೇಲೂ ಅಂತರ 28ರ ಸುತ್ತಲೇ ಇದ್ದರೆ ಪೇಸ್ಟ್ ಬದಲಿಸುವುದೇ ದಾರಿ.

ಅದಕ್ಕೂ ಮುಂಚೆ ಖರ್ಚಿಲ್ಲದ ಒಂದು ಉಪಾಯವಿದೆ: ಚಿಪ್ಪಿಗೆ ಕೊಡುವ ವೋಲ್ಟೇಜನ್ನು ತಗ್ಗಿಸುವ ಅಂಡರ್‌ವೋಲ್ಟ್. ಚಿಪ್ ಬಳಸುವ ವಿದ್ಯುತ್ತು ಹೆಚ್ಚೂಕಡಿಮೆ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ಅನುಗುಣವಾಗಿರುತ್ತದೆ. ವೇಗ ಹಾಗೇ ಇಟ್ಟು ವೋಲ್ಟೇಜನ್ನು ಶೇ 10 ಇಳಿಸಿದರೆ ಅದರ ವಿದ್ಯುತ್ ಬಳಕೆ ಸುಮಾರು ಶೇ 19 ತಗ್ಗುತ್ತದೆ. ಎಲ್ಲ ಚಿಪ್ಪುಗಳೂ ಅಷ್ಟು ಇಳಿಕೆ ತಾಳಲಾರವು. ಸ್ವಲ್ಪಸ್ವಲ್ಪವೇ ತಗ್ಗಿಸಿ, ಕಂಪ್ಯೂಟರ್ ಹ್ಯಾಂಗ್ ಆದರೆ ಒಂದು ಮೆಟ್ಟಿಲು ಮೇಲೆ ಬನ್ನಿ.

ಕೊನೆಗೆ ಬಿಚ್ಚಲೇಬೇಕಾದರೆ ವಾರಂಟಿ ಷರತ್ತು ಓದಿಕೊಳ್ಳಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಗಟ್ಟಿ ಹದದ ಪೇಸ್ಟ್ ಹಚ್ಚಿ. ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆಯ ಹಾಳೆ) ಹರಿದಿದ್ದರೆ ಅದೇ ದಪ್ಪದ್ದನ್ನೇ ತನ್ನಿ. ದಪ್ಪ ಹೆಚ್ಚಾದರೆ ಕೂಲರ್ ಎತ್ತಿಕೊಂಡು ಜಿಪಿಯುಗೆ ಸರಿಯಾಗಿ ತಾಗುವುದೇ ಇಲ್ಲ, ಹಾಟ್‌ಸ್ಪಾಟ್ ಇನ್ನೂ ಮೇಲೇರುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಿಂದ ಸ್ವಲ್ಪಸ್ವಲ್ಪವಾಗಿ ಬಿಗಿಮಾಡಿ.