ಸೀಡಿ ತಿರುಗ್ತದೆ, ಆದ್ರೆ ಕಾಪಿ ಆಗ್ತಿಲ್ಲ

ಮಳೆ ಬಿಟ್ಟು ಸ್ವಲ್ಪ ಬಿಸಿಲು ಕಂಡ ಕೂಡಲೇ ಎಲ್ಲರೂ ಅಟ್ಟ, ಪೆಟ್ಟಿಗೆ, ಬೀರು ಅಂತ ಕ್ಲೀನ್ ಮಾಡೋಕೆ ಹೊರಡ್ತಾರೆ, ಆಗ ಹಳೇ ಸೀಡಿಗಳು ಕೈಗೆ ಸಿಗ್ತವೆ ಅಂತ ಕಾಣ್ತದೆ. ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಲಿನಕ್ಸ್ (ವಿಂಡೋಸ್ ಬದಲು ಹಾಕೋ ಸಿಸ್ಟಂ) ಕಂಪ್ಯೂಟರಲ್ಲಿ ಸೀಡಿ ಡಿವಿಡಿ ಓಪನ್ ಆಗ್ತಿಲ್ಲ ಅನ್ನೋದೇ ಜಾಸ್ತಿ, ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ. ಕಮಾಂಡ್‌ಗಳನ್ನ ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಚಿಕ್ಕ ಅಕ್ಷರ ಬಳಸಿ.

ಪ್ರಶ್ನೆ: ಅಣ್ಣ ನಮಸ್ಕಾರ. 2004ರಲ್ಲಿ ನಮ್ಮಣ್ಣನ ಮದುವೆ ಆಯ್ತು, ಅದರ ವಿಡಿಯೋ ಎರಡು ಸೀಡಿಯಲ್ಲಿದೆ. ನಮ್ಮ ಸೋದರಮಾವ ಒಡಿಕತ್ತಿ ಹಿಡ್ಕೊಂಡು ಬಾಳೆ ಕಡಿಯೋದು ಅದರಲ್ಲಿದೆ, ಅವರು ಈಗ ಇಲ್ಲ. ಬೆಂಗಳೂರಲ್ಲಿರೋ ಮಗ ಮನೆ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಹೋಗಿದ್ದಾನೆ. ಸೀಡಿ ಹಾಕಿದ್ರೆ ಫೋಲ್ಡರೇನೋ ಬರ್ತದೆ, ಒಳಗೆ ಎಂಪೆಗ್‌ಎವಿ ಅಂತ ಇದೆ, ಅದರೊಳಗೆ ಎವಿಸೀಕ್01.ಡ್ಯಾಟ್ ಅಂತ ದೊಡ್ಡ ಫೈಲ್ ಕೂಡ ಕಾಣ್ತದೆ, ಆದ್ರೆ ಕಾಪಿ ಮಾಡೋಕೆ ಹೋದ್ರೆ ಇನ್‌ಪುಟ್ ಔಟ್‌ಪುಟ್ ಎರರ್ ಅಂತದೆ. ಎರಡು ಸೀಡಿಗೂ ಹಾಗೇ. ಅಂಗಡಿಯವರು ಸೀಡಿ ಹೋಗಿದೆ ಅಂದ್ರು. ಬಿಸಾಡೋದೇನಾ?
(ನಾಪೋಕ್ಲುವಿನ ಓದುಗರು)

ಉತ್ತರ: ಅಕ್ಕ, ಬಿಸಾಡಬೇಡಿ. ನೀವು ಬರೆದಿರೋ ಲಕ್ಷಣ ನೋಡಿದ್ರೆ ಸೀಡಿ ಹಾಳಾಗಿರೋ ಹಾಗೆ ನನಗೆ ಅನ್ನಿಸ್ತಾ ಇಲ್ಲ. ಎರಡು ಸೀಡಿನೂ ಒಂದೇ ಫೈಲಲ್ಲಿ, ಶುರುವಲ್ಲೇ, ಒಂದೇ ಥರ ಕೈಕೊಡ್ತಾ ಇದೆ ಅಂದ್ರೆ ಅದು ಗೀರು ಬಿದ್ದ ಸಮಸ್ಯೆ ಅಲ್ಲ. ಅದು ವೀಸೀಡಿ, ಅಂದ್ರೆ ವಿಡಿಯೋ ಸೀಡಿ, ಅಷ್ಟೇ.

ಇದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕೊಡಗಿನ ಕಡೆ ಆ ಕಾಲದ ಮದುವೆ, ನಾಮಕರಣ, ಹುತ್ತರಿ ಕೋಲಾಟ ಏನೇ ಆದ್ರೂ ವಿಡಿಯೋದವರು ಕೊಡ್ತಿದ್ದಿದ್ದು ವೀಸೀಡಿಯೇ, ಡಿವಿಡಿ ಬಂದಿದ್ದು ಆಮೇಲೆ. ವೀಸೀಡಿ ನೋಡೋಕೆ ಮಾಮೂಲಿ ಸೀಡಿಯೇ, ಆದ್ರೆ 1993ರಲ್ಲಿ ಮಾಡಿದ ಅದರ ನಿಯಮ ಬೇರೆ. ಫೈಲ್ ತುಂಬೋ ಸೀಡಿಯಲ್ಲಿ ಒಂದೊಂದು ಸೆಕ್ಟರಿಗೆ (ಡಿಸ್ಕಿನ ಒಂದು ಚಿಕ್ಕ ಭಾಗ) 2048 ಬೈಟ್ ಮಾತ್ರ ಇಡ್ತಾರೆ, ಅದರ ಜೊತೆ 276 ಬೈಟ್ ತಪ್ಪು ಸರಿ ಮಾಡೋಕೆ ಅಂತ ಮೀಸಲು. ಲೆಕ್ಕದ ಫೈಲಲ್ಲೋ ಪ್ರೋಗ್ರಾಮಲ್ಲೋ ಒಂದು ಬೈಟ್ ತಪ್ಪಿದ್ರೂ ಕೆಟ್ಟುಹೋಗ್ತದಲ್ಲ, ಅದಕ್ಕೆ ಆ ಮೀಸಲು. ವಿಡಿಯೋದಲ್ಲಿ ಹಾಗಲ್ಲ, ಒಂದು ಕ್ಷಣ ಚಿತ್ರ ಚೌಕ ಚೌಕ ಆದ್ರೆ ಯಾರಿಗೂ ನಷ್ಟ ಇಲ್ಲ, ಹಾಗಾಗಿ ವೀಸೀಡಿಯಲ್ಲಿ ಆ 276 ಬೈಟನ್ನೂ ವಿಡಿಯೋಗೇ ಬಳಸಿ ಒಂದು ಸೆಕ್ಟರಿಗೆ 2324 ಬೈಟ್ ತುಂಬ್ತಾರೆ. ಸೀಡಿಯ ಮೊದಲನೇ ಟ್ರ್ಯಾಕಲ್ಲಿ ಮಾತ್ರ ಮಾಮೂಲಿ ಫೈಲ್ ಸಿಸ್ಟಂ ಇರ್ತದೆ, ಅದಕ್ಕೇ ನಿಮಗೆ ಮೌಂಟ್ ಆಗಿ (ಅಂದ್ರೆ ಸೀಡಿ ಸಿಸ್ಟಮಿಗೆ ಸೇರಿಕೊಂಡು) ಫೋಲ್ಡರ್ ಕಾಣೋದು. ವಿಡಿಯೋ ಇರೋದು ಎರಡನೇ ಟ್ರ್ಯಾಕಿಂದ ಆಚೆ. ಲಿನಕ್ಸ್ ಆ ಡ್ಯಾಟ್ ಫೈಲನ್ನ ಮಾಮೂಲಿ ಫೈಲ್ ಅಂದ್ಕೊಂಡು 2048ರ ಲೆಕ್ಕದಲ್ಲಿ ಕೇಳ್ತದೆ, ಡ್ರೈವ್ ‘ಇಲ್ಲ, ಇಲ್ಲಿ ಆ ಲೆಕ್ಕ ನಡೆಯಲ್ಲ’ ಅಂತದೆ, ನಿಮಗೆ ಕಾಣೋದು ಬರೀ ಇನ್‌ಪುಟ್ ಔಟ್‌ಪುಟ್ ಎರರ್.

ನಂಬಿಕೆ ಬರೋಕೆ ಒಂದು ಪರೀಕ್ಷೆ ಮಾಡಿ. ಕಾಪಿ ಫೇಲ್ ಆದ ಕೂಡಲೇ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಸುಡೋ ಡಿಮೆಸೆಜ್ ಅಂತ ಕೊಡಿ (ಸುಡೋ ಅಂದ್ರೆ ಅಡ್ಮಿನ್ ಅನುಮತಿ, ಅಕ್ಷರ ಎಸ್ ಯು ಡಿ ಓ, ಆಮೇಲಿನದ್ದರ ಅಕ್ಷರ ಡಿ ಎಂ ಇ ಎಸ್ ಜಿ), ಕೊನೆಯ ಹತ್ತಿಪ್ಪತ್ತು ಸಾಲು ನೋಡಿ. ಅಲ್ಲಿ ಇಲ್ಲೀಗಲ್ ಮೋಡ್ ಫಾರ್ ದಿಸ್ ಟ್ರ್ಯಾಕ್ ಅಂತ ಇದ್ರೆ ನಾನು ಹೇಳಿದ್ದೇ ಕಾರಣ, ಸೀಡಿ ಸರಿ ಇದೆ. ಮೀಡಿಯಂ ಎರರ್, ಅನ್‌ರಿಕವರ್ಡ್ ರೀಡ್ ಎರರ್ ಅಂತ ಇದ್ರೆ ಮಾತ್ರ ಸೀಡಿಗೆ ಏಟು ಬಿದ್ದಿದೆ ಅಂತ. ಹೊರಗೆ ಕಾಣೋ ಎರರ್ ಎರಡಕ್ಕೂ ಒಂದೇ, ಒಳಗಿನ ಕಾರಣ ಬೇರೆ ಬೇರೆ, ಅಂಗಡಿಯವರು ಹೊರಗಿನದ್ದನ್ನ ಮಾತ್ರ ನೋಡಿ ಹೇಳಿರ್ತಾರೆ.

ನೋಡೋಕೆ ಮಾತ್ರ ಸಾಕಾದ್ರೆ ವಿಎಲ್‌ಸಿ ತೆಗೆದು ಮೀಡಿಯಾ ಮೆನುವಲ್ಲಿ ಓಪನ್ ಡಿಸ್ಕ್ ಒತ್ತಿ, ಅಲ್ಲಿ ಡಿವಿಡಿ ಬದಲು ವೀಸೀಡಿ ಆರಿಸಿ ಪ್ಲೇ ಕೊಡಿ. ಕಂಪ್ಯೂಟರಿಗೆ ಇಳಿಸೋಕೆ ವಿಸಿಡಿಇಮೇಜರ್ (ಅಕ್ಷರ ವಿ ಸಿ ಡಿ ಐ ಎಂ ಎ ಜಿ ಇ ಆರ್) ಅನ್ನೋ ಪ್ಯಾಕೇಜನ್ನ ಸಾಫ್ಟ್‌ವೇರ್ ಮ್ಯಾನೇಜರಿಂದ ಹಾಕ್ಕೊಳ್ಳಿ. ಮೊದಲು ಫೈಲ್ ಮ್ಯಾನೇಜರಲ್ಲಿ ಸೀಡಿ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಮೌಂಟ್ ಮಾಡಿ, ಎಜೆಕ್ಟ್ ಬೇಡ. ಆಮೇಲೆ ಟರ್ಮಿನಲಲ್ಲಿ

ವಿಸಿಡಿಎಕ್ಸ್‌ರಿಪ್ --ಸಿಡಿರಾಮ್-ಡಿವೈಸ್=/ಡೆವ್/ಎಸ್‌ಆರ್0

ಅಂತ ಕೊಟ್ಟು (ಸಿಡಿರಾಮ್ ಅಕ್ಷರ ಸಿ ಡಿ ಆರ್ ಓ ಎಂ, ಡೆವ್ ಅಕ್ಷರ ಡಿ ಇ ವಿ, ಎಸ್‌ಆರ್0 ಅಂದ್ರೆ ನಿಮ್ಮ ಸೀಡಿ ಡ್ರೈವ್) ಸುಮ್ನೆ ಕೂತ್ಕೊಳ್ಳಿ. ನೀವು ನಿಂತಿರೋ ಫೋಲ್ಡರಿಗೇ ಎವಿಸೀಕ್01.ಎಂಪಿಜಿ ಅಂತ ಫೈಲ್ ಬಂದು ಬೀಳ್ತದೆ. 70 ನಿಮಿಷದ ವಿಡಿಯೋ ಆದ್ರೆ ಸುಮಾರು 730 ಎಂಬಿ ಆಗ್ತದೆ. ಕ್ವಾಲಿಟಿ ಒಂದು ಚೂರೂ ಕಮ್ಮಿ ಆಗಲ್ಲ, ಇದ್ದಿದ್ದು ಇದ್ದ ಹಾಗೇ ಬರ್ತದೆ.

2011ರಲ್ಲಿ ನಾನು ಇದೇ ಎರರ್ ನೋಡಿ ಒಂದು ವೀಸೀಡಿ ಬಿಸಾಡಿದ್ದೀನಿ ಅಕ್ಕ. ಅದರಲ್ಲಿ ನಮ್ಮಜ್ಜಿ ಹುತ್ತರಿಯ ದಿನ ಕೂತು ಹಾಡಿದ್ದಿತ್ತು, ಅವರ ದನಿ ಇದ್ದಿದ್ದು ಅದೊಂದರಲ್ಲೇ. ಎರಡು ವರ್ಷ ಆದ ಮೇಲೆ ಈ 2324ರ ವಿಷಯ ಗೊತ್ತಾಯ್ತು. ಅದಕ್ಕೇ ಇಷ್ಟು ಉದ್ದ ಬರೆದೆ. ನಿಮ್ಮ ಮಾವನವರ ವಿಡಿಯೋ ಬಂದ ಮೇಲೆ ಎರಡು ಪೆನ್‌ಡ್ರೈವಿಗೆ ಹಾಕಿ ಎರಡು ಮನೇಲಿ ಇಡಿ.

ಪ್ರಶ್ನೆ: ಸರ್, ನಮ್ಮ ಡಿಟಿಪಿ ಅಂಗಡಿಯಲ್ಲಿ ಹಳೇ ಡೆಬಿಯನ್ ಲಿನಕ್ಸ್ ಸಿಸ್ಟಂ ಇದೆ, ವರ್ಷ ವರ್ಷ ಅಪ್‌ಗ್ರೇಡ್ ಮಾಡ್ಕೊಂಡೇ ಬಂದಿದ್ದೀನಿ. ಹಳೇ ಡಿವಿಡಿ ಡ್ರೈವ್ ಕೆಟ್ಟಿತ್ತು, ಸಾಟಾ ಡ್ರೈವ್ ಹಾಕಿಸ್ದೆ. ಈಗ ಸೀಡಿ ಹಾಕಿದ್ರೆ ಸ್ಪೆಶಲ್ ಡಿವೈಸ್ /ಡೆವ್/ಎಚ್‌ಡಿಸಿ ಡಸ್ ನಾಟ್ ಎಕ್ಸಿಸ್ಟ್ ಅಂತ ಬರ್ತದೆ. ಡ್ರೈವ್ ವಾಪಸ್ ಕೊಡ್ಲಾ?
(ಸೋಮವಾರಪೇಟೆಯ ಓದುಗರು)

ಉತ್ತರ: ಡ್ರೈವ್ ಮೇಲೆ ತಪ್ಪು ಹಾಕಬೇಡಿ. ಎಚ್‌ಡಿಸಿ ಅನ್ನೋದು ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡ್ರೈವ್ ಕಾಲದ ಹೆಸರು. ಈಗ ಸೀಡಿ ಡ್ರೈವ್ ಯಾವುದಿದ್ರೂ ಎಸ್‌ಆರ್0 ಅಂತಲೇ ಬರೋದು, ಎರಡನೇದು ಇದ್ರೆ ಎಸ್‌ಆರ್1. ಹಳೇ ಐಡಿಇ ಡ್ರೈವರನ್ನ 2021ರಲ್ಲಿ ಬಂದ 5.14 ಕರ್ನಲ್ಲಿಂದ (ಲಿನಕ್ಸಿನ ತಿರುಳು) ಪೂರ್ತಿ ತೆಗೆದೇ ಬಿಟ್ಟಿದ್ದಾರೆ. ನಿಮ್ಮ ಸಿಸ್ಟಮಲ್ಲಿ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿ) ಮೊದಲು ಇನ್‌ಸ್ಟಾಲ್ ಮಾಡಿದಾಗ ಬರೆದ ಸಾಲು ಹಾಗೇ ಕೂತಿದೆ, ಅಪ್‌ಗ್ರೇಡ್ ಮಾಡಿದ್ರೆ ಅದು ತಾನಾಗಿ ಬದಲಾಗಲ್ಲ.

ಮೊದಲು ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಪಟ್ಟಿಯಲ್ಲಿ ಎಸ್‌ಆರ್0 ಇದೆಯಾ ನೋಡಿ. ಇದ್ರೆ ಎಫ್‌ಎಸ್‌ಟ್ಯಾಬ್ ಫೈಲನ್ನ ಒಂದು ಕಾಪಿ ಇಟ್ಕೊಂಡು, ಸುಡೋ ಹಾಕಿ ತೆರೆದು, ಎಚ್‌ಡಿಸಿ ಇರೋ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಸೇವ್ ಮಾಡಿ. ಬೇರೆ ಸಾಲು ಮುಟ್ಟಬೇಡಿ, ಹಾರ್ಡ್‌ಡಿಸ್ಕಿನ ಸಾಲು ಕೆಟ್ರೆ ಸಿಸ್ಟಂ ಬೂಟೇ ಆಗಲ್ಲ. ಡೆಸ್ಕ್‌ಟಾಪಿಗೆ ಸೀಡಿ ಮೌಂಟ್ ಮಾಡೋಕೆ ಆ ಸಾಲು ಬೇಕಾಗೇ ಇಲ್ಲ, ಯುಡಿಸ್ಕ್ಸ್ ಅನ್ನೋದು ಹಿಂದೆ ಕೂತು ಮೀಡಿಯಾ ಫೋಲ್ಡರಲ್ಲಿ ನಿಮ್ಮ ಹೆಸರಿನ ಕೆಳಗೆ ತಾನೇ ಮೌಂಟ್ ಮಾಡ್ತದೆ. ಎಸ್‌ಆರ್0 ಪಟ್ಟಿಯಲ್ಲೇ ಇಲ್ಲ ಅಂದ್ರೆ ಮಾತ್ರ ಕ್ಯಾಬಿನೆಟ್ ತೆಗೆದು ಸಾಟಾ ಕೇಬಲ್, ಪವರ್ ಕೇಬಲ್ ಎರಡೂ ಒತ್ತಿ ನೋಡಿ. ಮತ್ತೆ ರೈಟ್ ಪ್ರೊಟೆಕ್ಟೆಡ್, ಮೌಂಟಿಂಗ್ ರೀಡ್ ಓನ್ಲಿ ಅಂತ ಒಂದು ಸಾಲು ಬಂದ್ರೆ ಗಾಬರಿ ಬೇಡ, ಸೀಡಿ ಅಂದ್ಮೇಲೆ ಅದು ಬರೋದೇ.

ಪ್ರಶ್ನೆ: ವಾಲಗದ ಒಂದು ಆಡಿಯೋ ಸೀಡಿ ಇದೆ, ಮೌಂಟ್ ಮಾಡಿದ್ರೆ ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್ ಅಂತದೆ. ಟೇಪ್ ರೆಕಾರ್ಡರಿನ ಪ್ಲೇಯರಲ್ಲಿ ಚೆನ್ನಾಗಿ ಹಾಡ್ತದೆ.
(ವಿರಾಜಪೇಟೆಯ ಓದುಗರು)

ಉತ್ತರ: ಆಡಿಯೋ ಸೀಡಿಯಲ್ಲಿ ಫೈಲೂ ಇಲ್ಲ, ಫೈಲ್ ಸಿಸ್ಟಮ್ಮೂ ಇಲ್ಲ, ಬರೀ ಹಾಡು ಸಾಲಾಗಿ ಇರ್ತದೆ, ಮೌಂಟ್ ಮಾಡೋಕೆ ಏನೂ ಇಲ್ಲ. ಅಸಂಡರ್ ಅನ್ನೋ ಚಿಕ್ಕ ಸಾಫ್ಟ್‌ವೇರ್ ಹಾಕಿ, ಹಾಡುಗಳು ತಾವೇ ಕಾಣ್ತವೆ, ಫ್ಲ್ಯಾಕ್ (ಕ್ವಾಲಿಟಿ ಕಮ್ಮಿ ಆಗದ ಆಡಿಯೋ ಫೈಲ್) ಆರಿಸಿ ರಿಪ್ ಕೊಡಿ.

ಪ್ರಶ್ನೆ: ನಮ್ಮದು ಮಾದಾಪುರದ ಹತ್ತಿರ ತೋಟ. ಫೋಟೋ ತುಂಬಿದ ಡಿವಿಡಿಗಳು ಬೇಸಿಗೇಲಿ ಓಪನ್ ಆಗ್ತವೆ, ಕಕ್ಕಡ ತಿಂಗಳ ಮಳೇಲಿ ಒಂದೂ ಆಗಲ್ಲ, ನೋ ಮೀಡಿಯಂ ಫೌಂಡ್ ಅಂತದೆ. ಈಗ ಕೆಲವು ಬಿಸಿಲಲ್ಲೂ ಅರ್ಧಕ್ಕೇ ನಿಲ್ತವೆ, ಒಂದೆರಡರ ಮೇಲೆ ಬಿಳಿ ಬಿಳಿ ಬೂಷ್ಟು ಬೇರೆ.

ಉತ್ತರ: ನಮ್ಮಲ್ಲಿ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗೇ ಬೂಷ್ಟು ಬರ್ತದೆ, ಸೀಡಿ ಡ್ರೈವಿನ ಲೆನ್ಸ್ ಅಂದ್ರೆ ಒಂದು ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು, ಅದರ ಮೇಲೆ ತೇವ ಕೂತ್ರೆ ಲೇಸರಿಗೆ ಡಿಸ್ಕ್ ಕಾಣೋದೇ ಇಲ್ಲ. ಎಲ್ಲಾ ಡಿಸ್ಕಿಗೂ ನೋ ಮೀಡಿಯಂ ಅಂದ್ರೆ ಡ್ರೈವಿನ ಕಡೆ ತೊಂದರೆ, ಕೆಲವಕ್ಕೆ ಮಾತ್ರ ಅಂದ್ರೆ ಡಿಸ್ಕಿನದ್ದು, ಹೀಗೆ ಬೇರೆ ಮಾಡ್ಕೊಳ್ಳಿ. ಮಳೆಗಾಲದಲ್ಲಿ ಸಿಸ್ಟಂ ಆನ್ ಮಾಡಿ ಅರ್ಧ ಗಂಟೆ ಬಿಟ್ಟು, ಒಳಗೆ ಸ್ವಲ್ಪ ಬೆಚ್ಚಗಾದ ಮೇಲೆ ಡಿಸ್ಕ್ ಹಾಕಿ. ಆದ್ರೆ ಡಿಸ್ಕನ್ನ ಒಲೆ ಹತ್ತಿರ, ಹೊಗೆ ಅಟ್ಟದಲ್ಲಿ ಒಣಗಿಸೋಕೆ ಮಾತ್ರ ಇಡಬೇಡಿ, ಬಗ್ಗಿಹೋಗ್ತದೆ.

ಬೂಷ್ಟು ಒರೆಸೋಕೆ ಕನ್ನಡಕದ ಬಟ್ಟೆ ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಎಳೆಯಿರಿ, ಸುತ್ತ ಸುತ್ತ ಉಜ್ಜಬೇಡಿ. ಡೇಟಾ ಸುತ್ತ ಸುತ್ತಲೇ ಬರೆದಿರ್ತದೆ, ಆ ದಿಕ್ಕಲ್ಲಿ ಗೀರು ಬಿದ್ರೆ ಒಂದೇ ಕಡೆ ಸಾಲಾಗಿ ತುಂಬಾ ಹೋಗ್ತದೆ, ಅಡ್ಡ ಗೀರು ಆದ್ರೆ ಅಲ್ಲಲ್ಲಿ ಚೂರು ಚೂರು ಹೋಗೋದನ್ನ ಡ್ರೈವ್ ಸರಿ ಮಾಡ್ಕೊಳ್ತದೆ. ಸೀಡಿ ಆದ್ರೆ ಹೆಸರು ಬರೆಯೋ ಮೇಲ್ಭಾಗದ ಬಗ್ಗೆ ಇನ್ನೂ ಹುಷಾರು, ಡೇಟಾ ಪದರ ಇರೋದು ಆ ಬಣ್ಣದ ಕೆಳಗೇ. ಡಿವಿಡಿಯಲ್ಲಿ ಅದು 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಇರೋದ್ರಿಂದ ಸ್ವಲ್ಪ ಗಟ್ಟಿ.

ಅರ್ಧಕ್ಕೆ ನಿಲ್ಲೋ ಡಿವಿಡಿಗಳನ್ನ ಫೈಲ್ ಫೈಲಾಗಿ ಕಾಪಿ ಮಾಡೋಕೆ ಹೋಗಬೇಡಿ, ಅದು ಕೆಟ್ಟ ಜಾಗದಲ್ಲೇ ಗಂಟೆಗಟ್ಟಲೆ ಒದ್ದಾಡ್ತದೆ. ಡಿಡಿರೆಸ್ಕ್ಯೂ ಬಳಸಿ, ಉಬುಂಟು, ಮಿಂಟ್, ಡೆಬಿಯನ್ ಮೂರರಲ್ಲೂ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಡಿಸ್ಕ್ ಅನ್‌ಮೌಂಟ್ ಮಾಡಿ,

ಡಿಡಿರೆಸ್ಕ್ಯೂ -ಎನ್ -ಬಿ 2048 /ಡೆವ್/ಎಸ್‌ಆರ್0 ಫೋಟೋ.ಐಎಸ್‌ಓ ಫೋಟೋ.ಮ್ಯಾಪ್

ಅಂತ ಕೊಡಿ. ಇದು ಸುಲಭವಾಗಿ ಸಿಗೋದನ್ನೆಲ್ಲ ಮೊದಲು ಬಾಚ್ಕೊಂಡು, ಸಿಗದ ಜಾಗ ಯಾವುದು ಅಂತ ಮ್ಯಾಪ್ ಫೈಲಲ್ಲಿ ಗುರುತು ಇಡ್ತದೆ. ಆಮೇಲೆ -ಎನ್ ತೆಗೆದು ಅಲ್ಲಿ -ಡಿ -ಆರ್3 ಹಾಕಿ ಅದೇ ಕಮಾಂಡ್ ಮತ್ತೆ ಕೊಟ್ರೆ ಬಿಟ್ಟುಹೋದ ಜಾಗಕ್ಕೆ ಮಾತ್ರ ಮೂರು ಸಲ ಪ್ರಯತ್ನ ಮಾಡ್ತದೆ. ಇನ್ನೂ ಉಳಿದ್ರೆ ಅದೇ ಡಿಸ್ಕ್, ಅದೇ ಎರಡು ಫೈಲ್ ತಗೊಂಡು ಪಕ್ಕದ ಮನೆಯವರ ಡ್ರೈವಲ್ಲಿ ಓಡಿಸಿ, ಒಂದು ಡ್ರೈವಿಗೆ ಸಿಗದ್ದು ಇನ್ನೊಂದಕ್ಕೆ ಸಿಕ್ಕಿದ್ದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ನಡುವೆ ಕರೆಂಟ್ ಹೋದ್ರೂ ಚಿಂತೆ ಇಲ್ಲ, ಮ್ಯಾಪ್ ಫೈಲ್ ಇದ್ರೆ ನಿಲ್ಲಿಸಿದಲ್ಲಿಂದಲೇ ಮುಂದುವರೀತದೆ. ಕೊನೆಗೆ ಸಿಕ್ಕ ಐಎಸ್‌ಓ ಫೈಲನ್ನೇ (ಇಡೀ ಡಿಸ್ಕಿನ ನಕಲು ಅದು) ಮೌಂಟ್ ಮಾಡಿ ಫೋಟೋ ತೆಗೀರಿ. ನಾಪೋಕ್ಲುವಿನ ಅಕ್ಕನ ಥರ ವೀಸೀಡಿ ಇದ್ದವರಿಗೆ ಇದು ನಡೆಯಲ್ಲ, ಇದೂ 2048ರ ಲೆಕ್ಕದಲ್ಲೇ ಓದೋದು.

ಪ್ರಶ್ನೆ: ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ಹುಡುಗರು ಆಡಿದ್ದನ್ನ ಹ್ಯಾಂಡಿಕ್ಯಾಮಲ್ಲಿ ಮಿನಿ ಡಿವಿಡಿಗೆ ಹಿಡಿದಿದ್ದೆ. ಕ್ಯಾಮರಾದಲ್ಲಿ ಕಾಣ್ತದೆ, ಕಂಪ್ಯೂಟರಲ್ಲಿ ಖಾಲಿ ಡಿಸ್ಕ್ ಅಂತದೆ.
(ಗೋಣಿಕೊಪ್ಪದ ಓದುಗರು)

ಉತ್ತರ: ಫೈನಲೈಸ್ ಮಾಡಿಲ್ಲ. ಡಿಸ್ಕಿನ ಪಟ್ಟಿ ಬರೆದು ಮುಚ್ಚೋ ಕೆಲಸ ಅದು, ಕ್ಯಾಮರಾಗೆ ಅದಿಲ್ಲದೇನೂ ಗೊತ್ತಾಗ್ತದೆ, ಕಂಪ್ಯೂಟರಿಗೆ ಗೊತ್ತಾಗಲ್ಲ. ಕ್ಯಾಮರಾ ಇನ್ನೂ ಕೆಲಸ ಮಾಡ್ತಾ ಇರೋದು ನಿಮ್ಮ ಪುಣ್ಯ, ಇವತ್ತೇ ಅದನ್ನ ಚಾರ್ಜರಿಗೆ ಹಾಕಿ, ಮೆನುವಲ್ಲಿ ಫೈನಲೈಸ್ ಕೊಡಿ, ಮುಗಿಯೋವರೆಗೂ ಅಲುಗಾಡಿಸಬೇಡಿ. ಕಂಪ್ಯೂಟರ್ ಖಾಲಿ ಡಿಸ್ಕ್ ಅಂತ ಬರ್ನ್ ಮಾಡೋಕೆ ಕೇಳಿದ್ರೆ ಬೇಡ ಅನ್ನಿ, ಅದೊಂದು ತಪ್ಪು ಮಾತ್ರ ಮಾಡಬೇಡಿ. 8 ಸೆಂಟಿಮೀಟರಿನ ಆ ಚಿಕ್ಕ ಡಿಸ್ಕನ್ನ ಟ್ರೇ ಇರೋ ಡ್ರೈವಲ್ಲೇ ಹಾಕಿ, ಬಾಯಿಂದ ಎಳ್ಕೊಳ್ಳೋ ಥರದ್ದರಲ್ಲಿ ಸಿಕ್ಕಿಕೊಳ್ತದೆ.

ಪ್ರಶ್ನೆ: ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡೆ, ತಿರುಗೋಕೆ ಶುರುವಾಗಿ ಟಕ್ ಅಂತ ನಿಲ್ತದೆ, ಡ್ರೈವೇ ಮಾಯ. ಇನ್ನೊಂದು, ಹಳೇ ಡ್ರೈವಲ್ಲಿ ಒಂದು ಸೀಡಿ ಸಿಕ್ಕಿಕೊಂಡಿದೆ.
(ಸುಂಟಿಕೊಪ್ಪದ ಓದುಗರು)

ಉತ್ತರ: ಪವರ್ ಸಾಲ್ತಾ ಇಲ್ಲ. ಹಳೇ ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಆದ್ರೆ 900. ಹಬ್ಬಿಗೆ, ಮುಂದಿನ ಪೋರ್ಟಿಗೆ ಹಾಕದೆ ಹಿಂದಿನ ನೀಲಿ ಪೋರ್ಟಿಗೆ ನೇರ ಹಾಕಿ, ಅದಿಲ್ಲದಿದ್ರೆ ಎರಡು ಬಾಯಿ ಇರೋ ಕೇಬಲ್ ತಗೊಳ್ಳಿ. ಡಿಮೆಸೆಜಲ್ಲಿ ಯುಎಸ್‌ಬಿ ಡಿಸ್‌ಕನೆಕ್ಟ್ ಅಂತ ಸಾಲು ಇದ್ರೆ ಇದೇ ಕಾರಣ ಇರೋದು ಜಾಸ್ತಿ.

ಸಿಕ್ಕಿಕೊಂಡಿದ್ದಕ್ಕೆ, ಸೀಡಿಯ ಫೋಲ್ಡರ್ ತೆರೆದಿರೋ ಟರ್ಮಿನಲ್, ಪ್ಲೇಯರ್ ಎಲ್ಲ ಮುಚ್ಚಿ ಎಜೆಕ್ಟ್ ಅಂತ ಕಮಾಂಡ್ ಕೊಡಿ. ಆಗ್ಲಿಲ್ಲ ಅಂದ್ರೆ ಸಿಸ್ಟಂ ಆಫ್ ಮಾಡಿ, ಟ್ರೇ ಕೆಳಗೆ ಒಂದು ಸಣ್ಣ ತೂತು ಇರ್ತದೆ, ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಮೆಲ್ಲ ಒತ್ತಿ, ಟ್ರೇ ಒಂದು ಬೆರಳಷ್ಟು ಹೊರಗೆ ಬರ್ತದೆ, ಉಳಿದಿದ್ದನ್ನ ಕೈಯಲ್ಲಿ ನಿಧಾನ ಎಳೆಯಿರಿ.