ಧಾರೆಯ ನೀರು ಯಾರ ಕೈಯಿಂದ

ತಮ್ಮಾ,

ಹೊನ್ನಾವರ ಬಿಟ್ಟು ಜರ್ಮನಿಗೆ ಬಂದು ಆರು ತಿಂಗಳಾಯಿತು ಎಂದು ಬರೆದಿದ್ದೀಯೆ. ಬಾಡಿಗೆ, ಚಳಿ, ಭಾಷೆಯ ವಿಷಯ ಕೇಳಿದ್ದೀಯೆ. ಮೊದಲೆರಡು ಒಂದು ವರ್ಷದೊಳಗೆ ರೂಢಿಯಾಗುತ್ತವೆ, ಭಾಷೆಯನ್ನು ಮಾತ್ರ ಹಟ ಹಿಡಿದು ಕಲಿ. ನೀನು ಅಂಜುತ್ತ ಕೊನೆಯ ಎರಡು ಸಾಲಿನಲ್ಲಿ ಕೇಳಿದ್ದಕ್ಕೇ ಉತ್ತರ ಬರೆಯುತ್ತೇನೆ: ಇಲ್ಲಿನ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾಗಬೇಕು, ಊರಿನಲ್ಲಿ ಶಾಸ್ತ್ರೋಕ್ತವಾಗಿ ಆಗಲಿ ಎಂದು ಆಯಿಯ ಆಸೆ, ಹೇಗೆ ನಡೆಸಲಿ? ಹದಿನೇಳು ವರ್ಷದ ಹಿಂದೆ ಶಿರಸಿಯ ಹತ್ತಿರದ ನಮ್ಮ ಮನೆಯಂಗಳದಲ್ಲಿ ನಾನೂ ಇದನ್ನೇ ಮಾಡಿದವನು.

ಮೊದಲು ಕಾನೂನು. ಚಪ್ಪರದಲ್ಲಿ ಸಪ್ತಪದಿ ತುಳಿದರೂ ನಿಮ್ಮದು ಕಾನೂನಿನ ಮದುವೆಯಾಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ವಧೂವರರಿಬ್ಬರೂ ಹಿಂದೂಗಳಾಗಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗೋಣವೆಂದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಆಮೇಲೆ ಇನ್ನೂ 30 ದಿನ ಕಾಯಬೇಕು. ನಮಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ಆದ್ದರಿಂದ ನೋಂದಣಿಯನ್ನು ಇಲ್ಲಿನ ಸ್ಟಾಂಡೆಸಾಮ್ಟ್‌ನಲ್ಲಿಯೇ, ಎಂದರೆ ಸರ್ಕಾರಿ ನೋಂದಣಿ ಕಚೇರಿಯಲ್ಲಿಯೇ, ಮುಗಿಸು. ಈ ದೇಶದಲ್ಲಿ ಚರ್ಚಿನ ಮದುವೆಯೂ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ, ಆ ಕಚೇರಿಯದು ಮಾತ್ರ ಬರುತ್ತದೆ. ಜನನ ಪ್ರಮಾಣಪತ್ರ, ಅವಿವಾಹಿತ ಎಂಬ ದಾಖಲೆ, ಅವುಗಳ ಅನುವಾದ, ಪರಿಶೀಲನೆ ಎಂದು ತಿಂಗಳುಗಳೇ ಹಿಡಿಯುತ್ತವೆ. ಒಂದು ವರ್ಷ ಮೊದಲೇ ಕೈ ಹಾಕು.

ಅವಳ ಪಾದ್ರಿಯಿಂದ ಚಪ್ಪರದ ವಿಷಯವನ್ನು ಮುಚ್ಚಿಡಬೇಡ. ದೀಕ್ಷಾಸ್ನಾನ ಆಗದವನನ್ನು ಮದುವೆಯಾಗಲು ಅವಳಿಗೆ ಬಿಷಪ್‌ರ ಅನುಮತಿ ಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದುದೆಲ್ಲ ಮಾಡುತ್ತೇನೆ ಎಂದು ಅವಳು ಮಾತು ಕೊಡಬೇಕು. ನೀನು ಕೊಡಬೇಕಿಲ್ಲ, ಆದರೆ ಅದು ನಿನಗೆ ತಿಳಿದಿರಬೇಕು. ದಾಂಪತ್ಯಕ್ಕೆ ಒಪ್ಪಿಗೆ ಹೇಳುವ ಧಾರ್ಮಿಕ ವಿಧಿ ಎರಡು ಸಲ ನಡೆಯಕೂಡದು ಎಂಬ ನಿಯಮವೂ ಅವರಲ್ಲಿದೆ. ಯಾವುದು ಎಲ್ಲಿ, ಯಾವ ರೂಪದಲ್ಲಿ ಎಂದು ಅವರೊಡನೆ ಕುಳಿತು ತೀರ್ಮಾನಿಸು. ಮಕ್ಕಳ ಮಾತನ್ನು ನೀವಿಬ್ಬರೂ ಈಗಲೇ ಆಡಿ ಮುಗಿಸಿ. ನಾವು ಮುಂದೂಡಿದೆವು, ಮಗಳು ಹುಟ್ಟಿದ ವಾರ ಆಸ್ಪತ್ರೆಯಲ್ಲಿಯೇ ಆ ಜಗಳ ಆಯಿತು.

ಇನ್ನು ನನ್ನ ಮನಸ್ಸಿನಲ್ಲಿ ಇಂದಿಗೂ ಕೊರೆಯುವ ಮಾತು. ಮದುವೆಗೆ ಎರಡು ದಿನ ಇರುವಾಗ ನಮ್ಮ ಭಟ್ಟರು, 'ಹುಡುಗಿಗೆ ಗೋತ್ರವಿಲ್ಲ, ಸಂಕಲ್ಪ ಹೇಗೆ ಮಾಡಿಸಲಿ? ಯಾರಾದರೂ ದಂಪತಿ ಮಗಳೆಂದು ಸ್ವೀಕರಿಸಿ ಧಾರೆ ಎರೆಯಲಿ' ಎಂದರು. ಚಿಕ್ಕಪ್ಪ, ಚಿಕ್ಕಮ್ಮ ಒಪ್ಪಿದರು. ಎಲ್ಲವೂ ಸುಸೂತ್ರವಾಯಿತು ಎಂದು ನಾನೂ ಸಮಾಧಾನಪಟ್ಟೆ. ಮಂಟಪದಲ್ಲಿ ಚಿಕ್ಕಮ್ಮ ತಂಬಿಗೆಯಿಂದ ನೀರು ಬಿಡುತ್ತಿದ್ದರು, ಅವಳ ಕೈ ನನ್ನ ಕೈಯ ಮೇಲಿತ್ತು. ಅವಳನ್ನು ಹೆತ್ತ ತಾಯಿ ಚಪ್ಪರದ ಅಡಿಕೆ ಕಂಬದ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಯಾರೋ ಉಡಿಸಿದ ಸೀರೆಯ ನೆರಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದರು. ಏನು ನಡೆಯುತ್ತಿದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ. ಮಗಳನ್ನು ಬೇರೆಯವರು ಧಾರೆ ಎರೆದುಕೊಟ್ಟರು ಎಂದು ಗೊತ್ತಾದದ್ದು ಫೋಟೋ ನೋಡುವಾಗ. ಅವರು ಬೈಯಲಿಲ್ಲ. 'ನಾನು ಅಲ್ಲಿಯೇ ಇದ್ದೆನಲ್ಲ' ಎಂದರು, ಅಷ್ಟೇ.

ಮುಂದೆ ನಮ್ಮ ನೆಂಟರ ಮನೆಯಲ್ಲಿಯೇ ಇಂಥದೇ ಮದುವೆಯಾದಾಗ ಬೇರೆ ಭಟ್ಟರು ಸಲೀಸಾಗಿ ದಾರಿ ತೋರಿಸಿದರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವುದು ಹಳೆಯ ರೂಢಿ. ಅದನ್ನೇ ಹೇಳಿ, ಹುಡುಗಿಯ ತಂದೆತಾಯಿಯ ಕೈಯಿಂದಲೇ ಧಾರೆ ಎರೆಸಿದರು. (ನಿಮ್ಮದೇ ಕಾಶ್ಯಪ ಗೋತ್ರವಾಗಿದ್ದರೆ ಸಗೋತ್ರವಾಗುತ್ತದೆ, ಅದನ್ನು ಮೊದಲೇ ಹೇಳು.) ಎಲ್ಲ ಭಟ್ಟರೂ ಇದಕ್ಕೆ ಒಪ್ಪಲಾರರು. ಒಪ್ಪುವವರು ಸಿಗುವವರೆಗೆ ಹುಡುಕು. ಹೋಮ ಚಿಕ್ಕದಾದರೆ ಆಗಲಿ, ಆದರೆ ಹೆತ್ತವರನ್ನು ಕುರ್ಚಿಗೆ ಸರಿಸಬೇಡ. ಕನ್ಯಾದಾನ ಎಂಬ ಮಾತೇ ಹುಡುಗಿಗೆ ಇಷ್ಟವಿಲ್ಲದಿದ್ದರೆ ಅದನ್ನೂ ಭಟ್ಟರೊಡನೆ ಮಾತನಾಡಬಹುದು. ಅವಳಿಗೆ ಪ್ರತಿಯೊಂದು ಶಾಸ್ತ್ರದ ಅರ್ಥವನ್ನು ಇಲ್ಲಿಯೇ ಹೇಳಿಕೊಡು. ಅವಳ ಮನೆಯವರ ಪಕ್ಕದಲ್ಲಿ ಜರ್ಮನ್ ಬಲ್ಲವರೊಬ್ಬರು ಕೊನೆಯವರೆಗೂ ಕುಳಿತಿರಲಿ.

ದಿನದ ವಿಷಯ. ಕ್ರಿಸ್‌ಮಸ್ ರಜೆ ಉದ್ದ ಸಿಗುತ್ತದೆ ಎಂದು ಟಿಕೆಟ್ ತೆಗೆಯಬೇಡ, ಅದು ಧನುರ್ಮಾಸ, ಮುಹೂರ್ತವಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಅವರ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು) ಶುರುವಾಗುವ ಮೊದಲು ನೋಡು. ಅದು ಶುರುವಾಗುವ ವಿಭೂತಿ ಬುಧವಾರ ಆ ವರ್ಷ ಯಾವಾಗ ಬರುತ್ತದೆ ಎಂದು ಅವಳನ್ನೇ ಕೇಳು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಗೆ ಅವಳ ಅಜ್ಜಿಯನ್ನು ಕರೆತರಬೇಡ.

ಆಯಿಗೆ ಹೇಗೆ ಹೇಳಲಿ ಎಂದಿದ್ದೀಯಲ್ಲ, ನಿಮ್ಮ ಕಡೆ ಅದು ನೀನು ಹೆದರಿದಷ್ಟು ಹೊಸ ಮಾತಲ್ಲ. ಚಂದಾವರದ ಚರ್ಚಿಗೆ ಚಿಕ್ಕಂದಿನಲ್ಲಿ ಆಯಿಯೊಡನೆ ಹೋಗಿ ಮೇಣದಬತ್ತಿ ಹಚ್ಚಿದ್ದನ್ನು ನೀನೇ ಬರೆದಿದ್ದೀಯೆ. ಆ ದಿನವನ್ನು ನೆನಪಿಸಿ ಮಾತು ಶುರು ಮಾಡು. ಭಟ್ಟರು ಯಾರೆಂದು ಗೊತ್ತಾದ ಮೇಲೆ ನನಗೆ ತಿಳಿಸು, ಧಾರೆಯ ವಿಷಯ ನಾನೇ ಅವರೊಡನೆ ಫೋನಿನಲ್ಲಿ ಮಾತನಾಡುತ್ತೇನೆ.